ಮಾತ್ರೆ ಇಳಿಸುವ ಮುನ್ನ ಒಂದು ನೋಟ್‌ಬುಕ್

ಬೌದ್ಧಿಕ ಅಂಗವೈಕಲ್ಯವುಳ್ಳ ವಯಸ್ಕರ ಚೀಟಿಯಲ್ಲಿ ರಿಸ್ಪೆರಿಡೋನ್, ಹ್ಯಾಲೊಪೆರಿಡಾಲ್‌ನಂತಹ ಆಂಟಿಸೈಕೋಟಿಕ್ (ಸ್ಕಿಜೋಫ್ರೇನಿಯಾದಂತಹ ತೀವ್ರ ಮನೋರೋಗಕ್ಕೆ ಕೊಡುವ) ಮಾತ್ರೆಗಳು ವರ್ಷಗಟ್ಟಲೆ ಉಳಿದುಬಿಡುತ್ತವೆ. ಎಂದೋ ಕೂಗಾಟ, ಹೊಡೆತ ಹೆಚ್ಚಿದಾಗ ಆರಂಭಿಸಿದ ಮಾತ್ರೆಯ ಕಾರಣ ಮರೆತುಹೋಗಿ, ಹಳೆಯ ಚೀಟಿ ತೋರಿಸಿ ಅಂಗಡಿಯಿಂದ ತರುವುದಷ್ಟೇ ಮನೆಯ ರೂಢಿಯಾಗಿರುತ್ತದೆ. ಆಕ್ರಮಣಕಾರಿ ನಡವಳಿಕೆಯ ಇಂತಹ 86 ಮಂದಿಯ ಮೇಲೆ ನಡೆದು 2008ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಈ ಎರಡು ಔಷಧಿಗಳು ಹುಸಿ ಮಾತ್ರೆಗಿಂತ ಮೇಲೆನಿಸಲಿಲ್ಲ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್, ಇಂತಹವರಿಗೆ ಅತಿಯಾಗಿ ಔಷಧಿ ಕೊಡುವುದನ್ನು ನಿಲ್ಲಿಸಲೆಂದು 2016ರಲ್ಲಿ ಸ್ಟಾಂಪ್ ಎಂಬ ಅಭಿಯಾನವನ್ನೇ ಆರಂಭಿಸಿತು.

ಮೊದಲು ಮನೋವೈದ್ಯರನ್ನು ಕೇಳಬೇಕಾದದ್ದು, ಮಾತ್ರೆ ಯಾವ ಕಾಯಿಲೆಗೆ ಎಂಬುದನ್ನು. ಸ್ಕಿಜೋಫ್ರೇನಿಯಾ ಅಥವಾ ಬೈಪೋಲಾರ್ ಕಾಯಿಲೆ ಇದ್ದರೆ ಲೆಕ್ಕವೇ ಬೇರೆ. ಫಿಟ್ಸ್ ಮಾತ್ರೆಯನ್ನೂ ಇದೇ ಗುಂಪಿನದೆಂದು ಎಣಿಸಬಾರದು, ಅದರ ಡೋಸನ್ನು ಮುಟ್ಟಲೂಬಾರದು. ಯಾವುದನ್ನೂ ಮನೆಯವರೇ ಒಮ್ಮೆಲೇ ನಿಲ್ಲಿಸುವುದು ಅಪಾಯ.

ನನ್ನ ಮಟ್ಟಿಗೆ ನಿಜವಾದ ಕೆಲಸ ಶುರುವಾಗುವುದು ನೋಟ್‌ಬುಕ್ಕಿನಿಂದ. ಡೋಸ್ ಇಳಿಸುವ ಮುಂಚಿನ ನಾಲ್ಕು ವಾರ, ಗಲಾಟೆಗೆ ಮುಂಚೆ ಏನಾಗಿತ್ತು, ಅವರು ಏನು ಮಾಡಿದರು, ನಂತರ ಸುತ್ತಲಿನವರು ಏನು ಮಾಡಿದರು ಎಂಬ ಮೂರನ್ನೂ ಹೊತ್ತಿನೊಡನೆ ಬರೆದಿಡಬೇಕು. ನಿದ್ದೆ, ಮಲವಿಸರ್ಜನೆ, ತೂಕವನ್ನೂ ಸೇರಿಸಬೇಕು. ಉದಾಹರಣೆಗೆ, ಮಾತು ಬಾರದ ಒಬ್ಬರು ರಾತ್ರಿ ಊಟದ ತಟ್ಟೆಯನ್ನು ತಳ್ಳಿ ಬಲಗೆನ್ನೆಗೆ ಗುದ್ದಿಕೊಳ್ಳುತ್ತಾರೆ, ಮೆತ್ತಗಿನ ಮೊಸರನ್ನ ಕೊಟ್ಟ ದಿನ ಮಾತ್ರ ಗುದ್ದುವುದಿಲ್ಲ ಎಂದು ಪುಟಗಳು ಹೇಳಿದರೆ, ಮೊದಲು ಹೋಗಬೇಕಾದದ್ದು ದಂತವೈದ್ಯರ ಬಳಿಗೆ. ಹುಳುಕು ಹಲ್ಲು, ಮಲಬದ್ಧತೆ, ಕಿವಿನೋವು, ಎದೆಯುರಿ, ಮುಟ್ಟಿನ ನೋವು ಇವೆಲ್ಲ ‘ಹಟ’ವಾಗಿ ಕಾಣುತ್ತವೆ, ಮತ್ತು ಆ ಹಟಕ್ಕೇ ಮಾತ್ರೆ ಬಿದ್ದಿರುತ್ತದೆ.

ಇಳಿಸುವಾಗ ಒಂದು ಸಲಕ್ಕೆ ಒಂದೇ ಔಷಧಿ. ಸಾಮಾನ್ಯವಾಗಿ ವೈದ್ಯರು ಆಗಿನ ಡೋಸಿನ ಹತ್ತರಿಂದ ಇಪ್ಪತ್ತೈದು ಶೇಕಡದಷ್ಟು ಕಡಿಮೆ ಮಾಡಿ, ನಾಲ್ಕು ವಾರ ಅಥವಾ ಇನ್ನೂ ಹೆಚ್ಚು ಕಾಲ ಕಾದು ಮುಂದಿನ ಮೆಟ್ಟಿಲಿಗೆ ಬರುತ್ತಾರೆ. ಕೊನೆಯ ಮೆಟ್ಟಿಲುಗಳು ಚಿಕ್ಕದಾಗಿರಬೇಕು, ಏಕೆಂದರೆ ಕಡಿಮೆ ಡೋಸಿನಲ್ಲಿ ಅರ್ಧ ಮಿಲಿಗ್ರಾಂ ಕಳೆದರೂ ಮೆದುಳಿಗೆ ಅದು ದೊಡ್ಡ ಬದಲಾವಣೆ. ಅಲ್ಲಿ ಸಿರಪ್ ಅನುಕೂಲ. ಮನೆಯಲ್ಲಿ ಮದುವೆ ಅಥವಾ ಮನೆ ಬದಲಾವಣೆ ಇರುವ ತಿಂಗಳು ಇದಕ್ಕೆ ಹೊತ್ತಲ್ಲ.

ಕಷ್ಟವಿರುವುದು ಇಳಿಸಿದ ಮೇಲಿನ ಮೊದಲ ದಿನಗಳಲ್ಲಿ. ನಿದ್ದೆ ಬಾರದಿರುವುದು, ವಾಕರಿಕೆ, ಬೆವರು, ಕುಳಿತಲ್ಲಿ ಕೂರಲಾಗದ ಚಡಪಡಿಕೆ, ತುಟಿ ನಾಲಿಗೆಗಳ ತಾನಾದ ಚಲನೆ ಕಂಡಾಗ ‘ನೋಡಿ, ಮಾತ್ರೆ ಬೇಕೇ ಬೇಕು’ ಎಂಬ ತೀರ್ಮಾನಕ್ಕೆ ಮನೆಯವರೆಲ್ಲ ಬಂದುಬಿಡುತ್ತಾರೆ. ಅದು ಹಳೆಯ ತೊಂದರೆ ಮರುಕಳಿಸಿದ್ದೇ ಆಗಬೇಕಿಲ್ಲ. ದೇಹವು ಔಷಧಿಯ ಇಳಿಕೆಗೆ ಹೊಂದಿಕೊಳ್ಳುತ್ತಿರಬಹುದು. ವೈದ್ಯರಿಗೆ ನೋಟ್‌ಬುಕ್ ತೋರಿಸಿ, ಸಹಿಸಲಾಗದಿದ್ದರೆ ಹಿಂದಿನ ಮೆಟ್ಟಿಲಿಗೆ ಮಾತ್ರ ಮರಳಿ, ಅಲ್ಲಿ ಹೆಚ್ಚು ಕಾಲ ನಿಲ್ಲಬಹುದು. ಜೋರು ಜ್ವರದ ಜೊತೆ ಮೈ ಬಿಗಿದು ಪ್ರಜ್ಞೆ ಮಂಕಾದರೆ ಮಾತ್ರ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಪೂರ್ತಿ ನಿಲ್ಲದೆ ಅರ್ಧಕ್ಕೆ ಇಳಿದು ನಿಂತರೂ ಬೆಳಗಿನ ಮಂಪರು ಕಡಿಮೆಯಾಗಬಹುದು. ಈ ಎಲ್ಲವನ್ನೂ ಮಾತ್ರೆ ನುಂಗುವವರಿಗೇ ಚಿತ್ರ ತೋರಿಸಿಯೋ ಸನ್ನೆಯಿಂದಲೋ ಮೊದಲೇ ಹೇಳಬೇಕು. ಊಟದಲ್ಲಿ ಗುಟ್ಟಾಗಿ ಬೆರೆಸುವ ಪದ್ಧತಿಯಿದ್ದರೆ ಅದನ್ನೂ ವೈದ್ಯರ ಮುಂದೆ ಬಿಚ್ಚಿ ಹೇಳಬೇಕು. ಪ್ರತಿ ಬದಲಾವಣೆಯಾದಾಗ ಡೇ ಕೇರ್‌ಗೂ ಊರಿನ ಅಜ್ಜಿಮನೆಗೂ ಹೊಸ ಚೀಟಿಯ ಪ್ರತಿ ಕೊಟ್ಟು, ಹಳೆಯ ಸ್ಟ್ರಿಪ್‌ಗಳನ್ನು ಕಪಾಟಿನಿಂದ ತೆಗೆದುಬಿಡಿ.