ನೆನೆದ ಸೈಕಲ್ಲನ್ನು ಹಾಗೇ ನಿಲ್ಲಿಸಿ ಮಲಗಬೇಡಿ

ಮಳೆಗಾಲದಲ್ಲಿ ಸೈಕಲ್ ಕೆಡುವುದು ಹೆಚ್ಚಾಗಿ ಮನೆಗೆ ಬಂದ ಮೇಲೆ. ಓಡುತ್ತಿರುವಷ್ಟು ಹೊತ್ತು ಚೈನು ತಿರುಗುತ್ತದೆ, ನೀರು ಸಿಡಿದು ಹೋಗುತ್ತಿರುತ್ತದೆ. ಮನೆಗೆ ಬಂದು ಸೈಕಲ್ಲನ್ನು ಗೋಡೆಗೆ ಒರಗಿಸಿ, ಒದ್ದೆ ಬಟ್ಟೆ ಬದಲಿಸಿ, ಚಹಾ ಕುಡಿದು ನಾವು ಮಲಗುತ್ತೇವೆ. ಕೊಂಡಿಗಳ ಸಂದಿಯಲ್ಲಿ ಉಳಿದ ನೀರು ರಾತ್ರಿಯಿಡೀ ಕಬ್ಬಿಣ ತಿನ್ನುತ್ತದೆ. ಬೆಳಿಗ್ಗೆ ನೋಡಿದರೆ ಚೈನಿನ ಮೇಲೆ ಕೆಂಪು ಪುಡಿ. ಜೂನ್ ಬಂತೆಂದರೆ ನಮ್ಮ ಬಿಲ್ಡಿಂಗಿನ ಹುಡುಗರಿಗೆ ನಾನು ಹೇಳುವುದು ಇದೊಂದೇ: ಆ ದಿನದ ನೀರನ್ನು ಆ ದಿನವೇ ತೆಗೆಯಿರಿ. ತೊಳೆಯುವಷ್ಟು ಶಕ್ತಿ ಉಳಿದಿಲ್ಲವೇ? ಹಳೆಯ ಬನಿಯನ್ನಿನಿಂದ ಚೈನನ್ನಾದರೂ ಒತ್ತಿ ಒರೆಸಿ ಮಲಗಿ.

ಮುಂಬಯಿಯಲ್ಲಿ ಇದಕ್ಕೆ ಇನ್ನೊಂದು ಕಾರಣವಿದೆ, ಉಪ್ಪು. ಉಡುಪಿ, ಕುಂದಾಪುರದ ಕಡಲ ದಂಡೆಯಿಂದ ಬಂದವರಿಗೆ ಅದರ ಅಂದಾಜಿರುತ್ತದೆ, ಬಯಲುಸೀಮೆಯಿಂದ ಬಂದವರಿಗೆ ಮೊದಮೊದಲು ಇರುವುದಿಲ್ಲ. ಕಡಲು ಉಕ್ಕುವ ಭರತದ ಹೊತ್ತಿನಲ್ಲಿ ಮರೀನ್ ಡ್ರೈವಿನಲ್ಲೋ ವರಳಿ ಸೀಫೇಸಿನಲ್ಲೋ ಒಂದು ಸುತ್ತು ಹೊಡೆದರೆ ತೆರೆಯ ಹನಿ ಮೈಮೇಲೂ ಬೀಳುತ್ತದೆ, ಸೈಕಲ್ ಮೇಲೂ ಬೀಳುತ್ತದೆ. ಉಪ್ಪು ಕರಗಿದ ನೀರಿನಲ್ಲಿ ವಿದ್ಯುತ್ ಸುಲಭವಾಗಿ ಹರಿಯುವುದರಿಂದ ತುಕ್ಕು ಬೇಗ ಹಿಡಿಯುತ್ತದೆ. ಸಾಲದ್ದಕ್ಕೆ ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಒಣಗಿತು ಎಂದುಕೊಂಡ ಚೈನು ಜುಲೈನ ಗಾಳಿಗೆ ಮತ್ತೆ ಪಸೆಯಾಗುತ್ತದೆ. ಅಲ್ಯೂಮಿನಿಯಂ ಫ್ರೇಮಿಗೆ ಕೆಂಪು ತುಕ್ಕು ಬರುವುದಿಲ್ಲ ನಿಜ, ಆದರೆ ಬಣ್ಣ ಎದ್ದ ಕಡೆ, ಬೋಲ್ಟಿನ ಸುತ್ತ ಬಿಳಿ ಬೂಷ್ಟಿನಂಥ ಪುಡಿ ಕಾಣುತ್ತದಲ್ಲ, ಅದೂ ಲೋಹ ತಿಂದದ್ದೇ. ಆದ್ದರಿಂದ ಉಪ್ಪಿನ ಮೇಲೆ ಎಣ್ಣೆ ಸುರಿದು ಪ್ರಯೋಜನವಿಲ್ಲ. ಮೊದಲು ಸಿಹಿನೀರು, ಆಮೇಲೆ ಒಣಗಿಸುವುದು, ಕೊನೆಗೆ ಎಣ್ಣೆ. ಈ ಕ್ರಮ ತಪ್ಪಬಾರದು.

ತೊಳೆಯಲು ಒಂದು ಬಕೆಟ್, ಒಂದು ಮಗ್ ಸಾಕು. ಬೈಕ್ ತೊಳೆಯುವ ಅಂಗಡಿಯ ಜೋರು ಪೈಪಿಗೆ ಸೈಕಲ್ ಒಡ್ಡಬೇಡಿ. ಆ ರಭಸಕ್ಕೆ ನೀರು ಚಕ್ರದ ನಡುವಿನ ಹಬ್ಬಿನ ಒಳಗೆ, ಪೆಡಲಿನ ಬುಡದ ಬೇರಿಂಗಿನ ಒಳಗೆ ನುಗ್ಗಿ ಗ್ರೀಸನ್ನು ತೊಳೆದುಬಿಡುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕು ಹನಿ ಹಾಕಿ ಮೇಲಿಂದ ಕೆಳಕ್ಕೆ ತೊಳೆಯುತ್ತ ಬನ್ನಿ, ಸೋಪು ಪೂರ್ತಿ ಹೋಗುವಂತೆ ನೀರು ಹೊಯ್ಯಿರಿ. ವಾಷಿಂಗ್ ಸೋಡಾ ಬೇಡ, ಅಲ್ಯೂಮಿನಿಯಮ್ಮಿಗೆ ಕ್ಷಾರ ಆಗದು. ಹಿಂದ್‌ಮಾತಾ, ಅಂಧೇರಿ ಸಬ್‌ವೇ ಇಂಥ ಕಡೆ ನಿಂತ ನೀರಲ್ಲಿ ಹಾದು ಬಂದಿದ್ದರೆ ಕೈಗೆ ರಬ್ಬರ್ ಗ್ಲೌಸ್ ಹಾಕಿಕೊಂಡೇ ಸೈಕಲ್ ಮುಟ್ಟಿ. ಇಲಿಗಳ ಮೂತ್ರ ಸೇರಿದ ನೀರಿನಿಂದ ಇಲಿಜ್ವರ ಬರುತ್ತದೆ, ಕೈಕಾಲಿನ ಸಣ್ಣ ಗಾಯ ಸಾಕು ಅದು ಒಳಸೇರಲು. ಆಮೇಲೆ ಜ್ವರ, ಮೈಕೈ ನೋವು ಕಂಡರೆ ನೀರಲ್ಲಿ ನಡೆದದ್ದನ್ನು ಡಾಕ್ಟರಿಗೆ ತಪ್ಪದೆ ಹೇಳಿ.

ಒರೆಸುವಾಗ ರಿಮ್ ಹಿಡಿಯುವ ಬ್ರೇಕಿನ ರಬ್ಬರ್ ಬ್ಲಾಕುಗಳನ್ನು ಬೆರಳಲ್ಲಿ ಸವರಿ ನೋಡಿ. ಮಳೆಯಲ್ಲಿ ಸಣ್ಣ ಮರಳು, ಲೋಹದ ಚೂರು ಅದರೊಳಗೆ ನಾಟಿಕೊಂಡು, ಬ್ರೇಕ್ ಹಿಡಿದಾಗಲೆಲ್ಲ ರಿಮ್ ಕೆರೆಯುತ್ತದೆ. ಸೂಜಿಯಿಂದ ಕಿತ್ತು ತೆಗೆಯಿರಿ. ಸೀಟಿನ ಪೈಪನ್ನು ಎತ್ತಿ ಹೊರಗೆ ತೆಗೆದರೆ ಫ್ರೇಮಿನ ಒಳಗಿನ ನೀರಿಗೆ ಆವಿಯಾಗಲು ದಾರಿಯಾಗುತ್ತದೆ. ಎಷ್ಟು ಒಳಗಿತ್ತು ಎಂಬ ಗುರುತು ಮಾತ್ರ ಟೇಪ್ ಅಂಟಿಸಿ ಮಾಡಿಕೊಳ್ಳಿ, ತಿರುಗಿ ಹಾಕುವಾಗ ಚೂರು ಗ್ರೀಸ್ ಸವರಿ. ಪ್ಲಾಸ್ಟಿಕ್ ಹೊದಿಕೆ ಹಾಕಿ ಮುಚ್ಚಿಡುವವರಿದ್ದಾರೆ. ಒದ್ದೆ ಸೈಕಲ್ಲಿಗೆ ಅದು ಶತ್ರು, ಒಳಗಿನ ತೇವ ಹೊರಹೋಗುವುದೇ ಇಲ್ಲ. ಬಿಸಿಲಿಲ್ಲದ ದಿನ ಅರ್ಧ ಗಂಟೆ ಫ್ಯಾನಿನ ಕೆಳಗೆ ನಿಲ್ಲಿಸಿದರೆ ಸಾಕು.

ಈಗ ಚೈನು. ನಿಜವಾದ ಕೆಲಸ ಇಲ್ಲೇ ಇರುವುದು. ಚೈನಿಗೆ ಎಣ್ಣೆ ಬೇಕಾದದ್ದು ಕಣ್ಣಿಗೆ ಕಾಣುವ ಹೊರಮೈಗಲ್ಲ. ಒಂದೊಂದು ಕೊಂಡಿಯಲ್ಲೂ ಒಂದು ಪಿನ್ನು, ಅದರ ಸುತ್ತ ಉರುಳುವ ಸಣ್ಣ ರೋಲರ್ ಇದೆ. ಸವೆತ ಆಗುವುದು ಆ ಒಳಗಡೆ. ಹೊರಗೆ ಬಳಿದ ಎಣ್ಣೆ ರಸ್ತೆಯ ಮರಳನ್ನು ಹಿಡಿದು ಅರೆಯುವ ಪೇಸ್ಟ್ ಆಗುತ್ತದೆ, ಅಷ್ಟೇ. ಮೊದಲು ಹಳೆಯ ಟೂತ್‌ಬ್ರಷ್ಷಿಗೆ ಸ್ವಲ್ಪ ಸೀಮೆಎಣ್ಣೆ ಅಥವಾ ಸೈಕಲ್ ಅಂಗಡಿಯ ಡಿಗ್ರೀಸರ್ ಹಚ್ಚಿ ಕಪ್ಪು ಕಿಲುಬು ತಿಕ್ಕಿ ತೆಗೆಯಿರಿ. ಪೆಟ್ರೋಲ್ ಎಂದಿಗೂ ಬೇಡ, ಗ್ಯಾಸ್ ಒಲೆ ಇರುವ ಒಂದು ಕೋಣೆಯ ಮನೆಯಲ್ಲಿ ಅದರ ಆವಿಯೇ ಅಪಾಯ. ಬಟ್ಟೆಯಲ್ಲಿ ಚೈನಿನ ಕೆಳಭಾಗವನ್ನು ಹಿಡಿದು ಪೆಡಲನ್ನು ಹಿಂದಕ್ಕೆ ತಿರುಗಿಸುತ್ತ ಒರೆಸಿ. ಹಲ್ಲುಚಕ್ರದ ಹತ್ತಿರ ಬೆರಳು ಬರಕೂಡದು, ಚಿಕ್ಕ ಮಕ್ಕಳು ಕೈ ಹಾಕದಂತೆ ನೋಡಿಕೊಳ್ಳಿ.

ಚೈನು ಪೂರ್ತಿ ಒಣಗಿದ ಮೇಲೆ ಒಳಬದಿಗೆ, ಒಂದೊಂದು ರೋಲರಿಗೆ ಒಂದೊಂದೇ ಹನಿ ಬಿಡಿ. ಹತ್ತು ಸುತ್ತು ಹಿಂದಕ್ಕೆ ತಿರುಗಿಸಿ ಹಾಗೇ ಬಿಟ್ಟು ಊಟ ಮಾಡಿ ಬನ್ನಿ, ಎಣ್ಣೆ ಒಳಕ್ಕೆ ಇಳಿಯಲು ಅಷ್ಟು ಸಮಯ ಬೇಕು. ಆಮೇಲೆ ಹೊರಮೈಯನ್ನು ಒಣ ಬಟ್ಟೆಯಿಂದ ಗಟ್ಟಿಯಾಗಿ ಒರೆಸಿ. ಹಾಕಿದ ಎಣ್ಣೆಯನ್ನೇ ಒರೆಸುವುದೇಕೆ ಎಂದು ಎಲ್ಲರೂ ಕೇಳುತ್ತಾರೆ. ಒಳಗೆ ಹೋದದ್ದು ಒಳಗೇ ಉಳಿಯುತ್ತದೆ, ಹೋಗುವುದು ಕೊಳೆ ಹಿಡಿಯುವ ಎಣ್ಣೆ ಮಾತ್ರ.

ಯಾವ ಎಣ್ಣೆ? ಮಳೆಗಾಲಕ್ಕೆಂದೇ ಸ್ವಲ್ಪ ದಪ್ಪನೆಯ ಚೈನ್ ಎಣ್ಣೆ ಬರುತ್ತದೆ, ನೀರಿಗೆ ಬೇಗ ತೊಳೆದು ಹೋಗುವುದಿಲ್ಲ. ಅದಿಲ್ಲದಿದ್ದರೆ ಬೈಕಿನ ಹೊಸ ಎಂಜಿನ್ ಎಣ್ಣೆಯೂ ನಡೆಯುತ್ತದೆ, ಒರೆಸುವುದು ಚೆನ್ನಾಗಿರಬೇಕು. ಹೊಲಿಗೆ ಮೆಷೀನಿನ ಎಣ್ಣೆ ಬಹಳ ತೆಳು, ಒಂದು ಜೋರು ಮಳೆಗೆ ಹೋಗಿಬಿಡುತ್ತದೆ. ಅದನ್ನು ಬ್ರೇಕ್ ಲಿವರಿನ ಕೀಲಿಗೆ, ಕೇಬಲ್ಲಿನ ಬಾಯಿಗೆ ಒಂದೊಂದು ಹನಿ ಬಿಡಲು ಇಟ್ಟುಕೊಳ್ಳಿ. ಅಡುಗೆಮನೆಯ ಕಡಲೆಕಾಯಿ, ಸೂರ್ಯಕಾಂತಿ ಎಣ್ಣೆ ಗಾಳಿಗೆ ಅಂಟಾಗುತ್ತದೆ, ಎಣ್ಣೆ ಬಾಟಲಿಯ ಕತ್ತು ಮುಟ್ಟಿದರೆ ಗೊತ್ತಾಗುತ್ತದೆ. ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಅದೂ ಬೇಡ. ಎಲ್ಲರ ಮನೆಯಲ್ಲೂ ಇರುವ ಡಬ್ಲ್ಯೂಡಿ-40 ಸ್ಪ್ರೇ 1953ರಲ್ಲಿ ಅಮೆರಿಕದಲ್ಲಿ ಕ್ಷಿಪಣಿಯ ಮೈಮೇಲಿನ ನೀರು ತೆಗೆದು ತುಕ್ಕು ತಡೆಯಲೆಂದೇ ಮಾಡಿದ್ದು. ಮಾಮೂಲಿ ಡಬ್ಬಿಯದು ನೆನೆದ ಚೈನಿನ ನೀರು ಹೊರದೂಡಲು ಒಳ್ಳೆಯದು, ಆದರೆ ಅದೇ ಎಣ್ಣೆ ಎಂದುಕೊಂಡು ಬಿಟ್ಟರೆ ನಾಲ್ಕು ದಿನದಲ್ಲಿ ಚೈನು ಕಿರುಗುಟ್ಟುತ್ತದೆ. ಯಾವ ಸ್ಪ್ರೇಯೇ ಆಗಲಿ, ರಿಮ್ಮಿನ ಮೇಲೆ, ಡಿಸ್ಕ್ ಬ್ರೇಕಿನ ಮೇಲೆ ಒಂದು ತುಂತುರೂ ಬೀಳಬಾರದು. ಬ್ರೇಕ್ ಹಿಡಿಯದ ಸೈಕಲ್ಲಿನಲ್ಲಿ ಈ ಊರಿನ ರಸ್ತೆಗೆ ಇಳಿಯುವುದು ಜೀವದ ಮಾತು. ಬಿದ್ದರೆ ಸ್ಪಿರಿಟ್ ಹಾಕಿದ ಶುದ್ಧ ಬಟ್ಟೆಯಿಂದ ಒರೆಸಿ.

ಚೈನು ಎಷ್ಟು ಸವೆದಿದೆ ಎಂದು ಸ್ಕೇಲಿನಲ್ಲೇ ಅಳೆಯಬಹುದು. ಹೊಸ ಚೈನಿನಲ್ಲಿ ಪಿನ್ನಿನಿಂದ ಪಿನ್ನಿಗೆ ಅರ್ಧ ಇಂಚು, 24 ಕೊಂಡಿಗೆ ಸರಿಯಾಗಿ 12 ಇಂಚು. ಅದಕ್ಕಿಂತ ಇಂಚಿನ 16ನೇ ಒಂದು ಭಾಗ ಉದ್ದ ಬಂದರೆ ಚೈನು ಬದಲಿಸಿ. 8ನೇ ಒಂದು ಭಾಗದವರೆಗೆ ಕಾದರೆ ಫ್ರೀವೀಲಿನ, ಅಂದರೆ ಹಿಂದಿನ ಹಲ್ಲುಚಕ್ರದ, ಹಲ್ಲೂ ಸವೆದು ಖರ್ಚು ಹೆಚ್ಚುತ್ತದೆ.

ಹಬ್ಬಿನ ಮಟ್ಟಕ್ಕಿಂತ ಮೇಲೆ ನೀರಲ್ಲಿ ಮುಳುಗಿದ ಸೈಕಲ್ಲಿಗೆ ಮನೆಯ ಉಪಚಾರ ಸಾಲದು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರ್ ಮಳೆ ಬಿದ್ದಂಥ ದಿನಗಳು ಈ ಊರು ಕಂಡಿದೆ. ಹಾಗೆ ಮುಳುಗಿದ್ದರೆ ವಾರದೊಳಗೆ ಮಿಸ್ತ್ರಿಯ ಹತ್ತಿರ ಒಯ್ದು ಹಬ್, ಪೆಡಲಿನ ಆಕ್ಸಲ್, ಹ್ಯಾಂಡಲ್ ಕಪ್ ಬಿಚ್ಚಿಸಿ. ಒಳಗಿನ ಗ್ರೀಸ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಹೊಕ್ಕಿದೆ ಎಂದರ್ಥ. ಛರ್ರಾ, ಅಂದರೆ ಬೇರಿಂಗಿನ ಉಕ್ಕಿನ ಗುಂಡು, ತುಕ್ಕು ಹಿಡಿದಿದ್ದರೆ ಒರೆಸಿ ಹಾಕಿಸಬೇಡಿ, ಹೊಸದನ್ನೇ ಹಾಕಿಸಿ. ಅದಕ್ಕೆ ಬೆಲೆ ಅಲ್ಪ, ಕೆಟ್ಟ ಗುಂಡು ತಾನು ಉರುಳುವ ಕೋನನ್ನೂ ಹಾಳುಮಾಡುತ್ತದೆ.

ಟೈರನ್ನು ಕೊನೆಯಲ್ಲಿ ಒಮ್ಮೆ ಸುತ್ತ ನೋಡಿ. ಒದ್ದೆ ರಬ್ಬರನ್ನು ಗಾಜು ಸುಲಭವಾಗಿ ಕೊಯ್ಯುವುದರಿಂದ ಮಳೆಗಾಲದಲ್ಲಿ ಪಂಕ್ಚರ್ ಹೆಚ್ಚು. ಇವತ್ತು ನಾಟಿದ ಚೂರು ಇವತ್ತೇ ಕಿತ್ತರೆ ಟ್ಯೂಬ್ ಮುಟ್ಟುವುದಿಲ್ಲ. ಟೈರಿಗೆ ಎಣ್ಣೆ, ಸೀಮೆಎಣ್ಣೆ ತಾಗಿದ್ದರೆ ಸೋಪು ನೀರಿನಿಂದ ತೊಳೆಯಿರಿ. ಕಪ್ಪಾದ ಬಟ್ಟೆಗಳನ್ನು ಮುಚ್ಚಳದ ಡಬ್ಬಿಯಲ್ಲಿ ಒಲೆಯಿಂದ ದೂರ ಇಟ್ಟು ಮುಂದಿನ ಸಲವೂ ಬಳಸಿ, ಮನೆಯ ಬಟ್ಟೆಗಳ ಜೊತೆ ವಾಷಿಂಗ್ ಮೆಷೀನಿಗೆ ಮಾತ್ರ ಹಾಕಬೇಡಿ.