ಮಾಳಿಗೆ ಮನೆಯಲ್ಲಿ ಮಲಗುವವರಿಗೆ: ಒಬ್ಬ ಗೌಂಡಿ ಹೇಳುವ ಭೂಕಂಪದ ತಯಾರಿ

ನಾನು ಆಳಂದ ತಾಲ್ಲೂಕಿನ ಗೌಂಡಿ. ನಮ್ಮಪ್ಪನೂ ಗೌಂಡಿ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ನಾಲ್ಕು ಹೊಡೆಯಲು ಇನ್ನೂ ನಾಲ್ಕೈದು ನಿಮಿಷ ಇರುವಾಗ, ಅವ್ವ ನನ್ನನ್ನೂ ತಂಗಿಯನ್ನೂ ರಟ್ಟೆ ಹಿಡಿದು ಅಂಗಳಕ್ಕೆ ಎಳೆದುಕೊಂಡು ಬಂದಳು. ನನಗಾಗ 11 ವರ್ಷ. ಗಣಪತಿ ಕಳಿಸಿ ಬಂದು ತಡವಾಗಿ ಮಲಗಿದ್ದೆವು. ನಮ್ಮಲ್ಲಿ ಬಿದ್ದದ್ದು ಕೊಟ್ಟಿಗೆಯ ಒಂದು ಗೋಡೆ, ಅಷ್ಟೇ. ಗಡಿಯಾಚೆ, ಮಹಾರಾಷ್ಟ್ರದ ಉಮರ್ಗಾ ದಾಟಿದರೆ ಸಿಗುವ ಕಿಲ್ಲಾರಿ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಹತ್ತಿರ ಹತ್ತಿರ 10,000 ಜನ ಸತ್ತರು. ಭೂಕಂಪದ ತೀವ್ರತೆ 6.2.

ಆಮೇಲೆ ಅಪ್ಪ ಅಲ್ಲಿಗೆ ಮನೆ ಕಟ್ಟುವ ಕೆಲಸಕ್ಕೆ ಹೋದ. ಕೆಲವು ತಿಂಗಳು ಬಿಟ್ಟು ಬಂದವನು ಕೈಕಾಲು ತೊಳೆಯುವ ಮೊದಲೇ ಸಲಿಕೆ ಹಿಡಿದು ಮಾಳಿಗೆ, ಅಂದರೆ ಮಣ್ಣು ಹಾಸಿದ ಚಾವಣಿ, ಹತ್ತಿದ. ಮೇಲಿನ ಮಣ್ಣು ಕೆರೆದು ಕೆಳಗೆ ಹಾಕತೊಡಗಿದ. ಓಣಿಯವರು ನಕ್ಕರು.

ಅಪ್ಪ ಯಾಕೆ ಹಾಗೆ ಮಾಡಿದ ಅನ್ನುವುದರಿಂದಲೇ ಶುರು ಮಾಡುತ್ತೇನೆ. ನಮ್ಮ ಕಡೆ ಮಾಳಿಗೆ ಸೋರಬಾರದೆಂದು ಬೇಸಿಗೆಗೊಮ್ಮೆ ಹೊಸ ಮಣ್ಣು ಹಾಕುತ್ತೇವೆ. ಹಳೆಯದನ್ನು ಯಾರೂ ತೆಗೆಯುವುದಿಲ್ಲ. ಹತ್ತಿಪ್ಪತ್ತು ವರ್ಷದಲ್ಲಿ ಅದು ಒಂದಡಿ, ಒಂದೂವರೆ ಅಡಿ ಆಗಿರುತ್ತದೆ. ಲೆಕ್ಕ ಹಾಕಿ. ಒಂದು ಘನ ಅಡಿ ಒಣ ಮಣ್ಣು ಸುಮಾರು 45 ಕೆಜಿ. ಹತ್ತಡಿ ಉದ್ದ, ಹತ್ತಡಿ ಅಗಲದ ಕೋಣೆಯ ಮೇಲೆ ಒಂದಡಿ ಮಣ್ಣಿದ್ದರೆ ನಾಲ್ಕೂವರೆ ಟನ್. ತುಂಬಿದ ಟ್ರ್ಯಾಕ್ಟರ್ ಟ್ರಾಲಿಯನ್ನು ತಲೆಯ ಮೇಲೆ ನಿಲ್ಲಿಸಿಕೊಂಡು ಮಲಗಿದ ಹಾಗೆ. ಮಳೆಯಲ್ಲಿ ನೆನೆದರೆ ಇನ್ನೂ ಜಾಸ್ತಿ.

ಎಂಟು ಇಂಚಿಗಿಂತ ಹೆಚ್ಚು ಮಣ್ಣು ಬೇಡ. ಮಳೆ ಶುರುವಾಗುವ ಮೊದಲು, ಬೇಸಿಗೆಯಲ್ಲೇ ಈ ಕೆಲಸ ಮುಗಿಸಿ. ಒಂದೇ ಕಡೆಯಿಂದ ಅಗೆಯುತ್ತಾ ಹೋಗಬೇಡಿ, ಇಡೀ ಮಾಳಿಗೆಯನ್ನು ಪದರ ಪದರವಾಗಿ ಸಮ ತೆಗೆಯಿರಿ. ಜಂತಿ, ತೊಲೆಗೆ ಗೆದ್ದಲು ಹಿಡಿದಿದೆಯಾ ನೋಡಿ. ಉಳಿದ ಮಣ್ಣಿನ ನಡುವೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿದರೆ ತೆಳು ಮಣ್ಣಿಗೂ ಸೋರುವುದಿಲ್ಲ. ಅಪ್ಪ ತೀರಿಕೊಂಡ ಮೇಲೆ ಅವ್ವ ಮತ್ತೆ ವರ್ಷ ವರ್ಷ ಮಣ್ಣು ಹಾಕಿಸಿದ್ದಳು. 2021ರಲ್ಲಿ ಅಳೆದರೆ ಒಂದಡಿ ಮೂರಿಂಚು! ತೆಗೆಯುತ್ತೇನೆ ಅಂದಾಗ, "ಯಪ್ಪಾ, ಮನಿ ಸೋರಿದ್ರ ನೀ ಬಂದು ಬಕೀಟ ಇಡ್ತೀ ಏನು?" ಅಂದಳು. ಪ್ಲಾಸ್ಟಿಕ್ ಹಾಸಿ ಒಂದು ಮಳೆಗಾಲ ಕಳೆದ ಮೇಲೆ ಸುಮ್ಮನಾದಳು.

ಇನ್ನು ಗೋಡೆ. ಎರಡು ಅಡಿ ದಪ್ಪ, ನೋಡಿದರೆ ಕೋಟೆ. ಆದರೆ ಅದು ಒಂದು ಗೋಡೆಯಲ್ಲ, ಎರಡು. ಹೊರಗೊಂದು ಕಲ್ಲಿನ ಸಾಲು, ಒಳಗೊಂದು ಸಾಲು, ನಡುವೆ ಮಣ್ಣು ಮತ್ತು ಚೂರುಕಲ್ಲು. ಅಲುಗಿದಾಗ ನಡುವಿನದು ಕುಸಿದು ಎರಡೂ ಸಾಲನ್ನು ಹೊರಕ್ಕೆ ದೂಡುತ್ತದೆ. ಗೋಡೆ ಹೊಟ್ಟೆ ಬಿಟ್ಟು ಬಿಚ್ಚಿಕೊಳ್ಳುತ್ತದೆ. ಹೊಸದಾಗಿ ಕಟ್ಟುವವರು ಎರಡು ಅಡಿ ಎತ್ತರಕ್ಕೊಂದು ಸಾಲು, ಸಾಲಿನಲ್ಲಿ ನಾಲ್ಕು ಅಡಿಗೊಂದರಂತೆ, ಗೋಡೆಯ ಈ ಮುಖದಿಂದ ಆ ಮುಖದವರೆಗೆ ಹಾಯುವ ಉದ್ದ ಕಲ್ಲು ಇಡಿಸಿ. ಹಳೆ ಗೋಡೆಯಾದರೆ ಒಂದೊಂದೇ ಕಲ್ಲು ಮೆಲ್ಲಗೆ ಬಿಡಿಸಿ, ಆರಪಾರ ತೂತು ಮಾಡಿ, ತುದಿ ಬಾಗಿಸಿದ ಕಬ್ಬಿಣದ ಸರಳು ಇಟ್ಟು ಕಾಂಕ್ರೀಟ್ ತುಂಬಬೇಕು. ಕಿಲ್ಲಾರಿ ಭಾಗದಲ್ಲಿ ಉಳಿದ ಮನೆಗಳನ್ನು ಹೀಗೇ ಗಟ್ಟಿ ಮಾಡಿದರು. ಮೂಲೆಗಳಿಂದ ಶುರು ಮಾಡಿ. ಲಿಂಟಲ್ ಅನ್ನು ಬಾಗಿಲು ಕಿಟಕಿಯ ಮೇಲಷ್ಟೇ ಹಾಕಿಸಿ ದುಡ್ಡು ಉಳಿಸಬೇಡಿ. ಮನೆ ಸುತ್ತ ಒಂದೇ ಪಟ್ಟಿಯಾಗಿ ಹಾಯಿಸಿ. ಗೌಂಡಿ ಬೇಡ ಅಂದರೂ ಕೇಳಬೇಡಿ, ಅವನಿಗೆ ಕೆಲಸ ಬೇಗ ಮುಗಿಯಬೇಕು. ನನಗೆ ಗೊತ್ತು.

ಇದಕ್ಕೆಲ್ಲ ದುಡ್ಡು ಬೇಕು. ಬಿಡಿಗಾಸಿಲ್ಲದೆ ಇವತ್ತು ರಾತ್ರಿಯೇ ಮಾಡುವಂಥದ್ದು ಒಂದಿದೆ. ಹಾಸಿಗೆಯಿಂದ ಅಂಗಳದವರೆಗೆ ಕತ್ತಲಲ್ಲಿ ನಡೆದು ನೋಡಿ.

2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದ ಸುತ್ತ ಮತ್ತೆ ಮತ್ತೆ ನೆಲ ನಡುಗಿತಲ್ಲ, ಜನ ಮನೆ ಬಿಟ್ಟು ಬಯಲಲ್ಲಿ ಮಲಗಿದರಲ್ಲ, ಆಗ ನಾನು ಮನೆಯವರನ್ನೆಲ್ಲ ಎಬ್ಬಿಸಿ ಈ ಪರೀಕ್ಷೆ ಮಾಡಿದೆ. ಮೇನ್ ಸ್ವಿಚ್ ತೆಗೆದು, ಮೊಬೈಲಿನಲ್ಲಿ ಸಮಯ ಹಿಡಿದೆ. ಐದು ಜನ ಹೊರಗೆ ಬರಲು 70 ಸೆಕೆಂಡು. ನಡುಗುವುದು ಅಷ್ಟು ಹೊತ್ತು ಕಾಯುವುದಿಲ್ಲ. ಬಾಗಿಲ ಹತ್ತಿರ ಎರಡು ತೊಗರಿ ಚೀಲ, ಪಡಸಾಲೆಯಲ್ಲಿ ಅಡ್ಡ ನಿಲ್ಲಿಸಿದ ಬೈಕು, ಮೇಲಿನ ಅಗಳಿ ಮಳೆಗೆ ಉಬ್ಬಿ ಬಿಗಿ ಹಿಡಿದಿತ್ತು. ಮಗಳು ಚಪ್ಪಲಿ ಹುಡುಕುತ್ತಿದ್ದಳು. ಚೀಲ ಒಳಕೋಣೆಗೆ ಹೋದವು, ಬೈಕು ಹೊರಗೆ ಹೋಯಿತು, ಅಗಳಿ ಬದಲಾಯಿತು. ಅವ್ವನ ಮಂಚ ಬಾಗಿಲ ಹತ್ತಿರ ಬಂತು, ಅವಳಿಗೆ ಮೊಣಕಾಲು ನೋವು. ಈಗ 25 ಸೆಕೆಂಡು.

ಮಂಚಗಳನ್ನು ಗೋಡೆಯಿಂದ ದೂರ ಎಳೆಯಿರಿ. ನಿಮ್ಮದು ಕಟ್ಟಿಗೆಯ ಕಂಬ, ತೊಲೆ ಇರುವ ಅಂಕಣದ ಮನೆಯಾದರೆ ನಡು ಅಂಕಣದಲ್ಲಿ, ಅಂದರೆ ಕಂಬಗಳ ನಡುವೆ, ಮಲಗಿ. ಕಿಲ್ಲಾರಿಯಲ್ಲಿ ಗೋಡೆ ಬಿದ್ದರೂ ಕಂಬಗಳು ಮಾಳಿಗೆ ಹೊತ್ತು ನಿಂತ ಮನೆಗಳಿದ್ದವು. ತಲೆದೆಸೆಯಲ್ಲಿ ಮೊಳೆಗೆ ಟಾರ್ಚ್, ಮಂಚದ ಕೆಳಗೆ ಚಪ್ಪಲಿ. ಮೇಲಿನ ಹಲಗೆಯಲ್ಲಿ ಒಂದರ ಮೇಲೊಂದು ಪೇರಿಸಿದ ಹಿತ್ತಾಳೆ ಕೊಡಗಳು ಚಂದ ಕಾಣುತ್ತವೆ, ನಿಜ. ಅವುಗಳ ಕೆಳಗೆ ಮಕ್ಕಳನ್ನು ಮಲಗಿಸಬೇಡಿ. ಅಲಮಾರಿಯನ್ನು ಎರಡು ಕ್ಲಾಂಪ್ ಹಾಕಿ ಬಿಗಿಯಿರಿ. ಎಮ್ಮೆಗೆ ಎಳೆದರೆ ಬಿಚ್ಚುವ ಗಂಟು ಹಾಕಿ.

ನಡುಗುವಾಗ ಏನು ಮಾಡಬೇಕು? ಅದು ಎಂಥ ಮನೆ ಅನ್ನುವುದರ ಮೇಲೆ ನಿಂತಿದೆ. ಕಲ್ಲು ಮಣ್ಣಿನ ಮಾಳಿಗೆ ಮನೆ, ನೀವು ಬಾಗಿಲ ಹತ್ತಿರ, ನಾಲ್ಕು ಹೆಜ್ಜೆಗೆ ಬಯಲು ಅಂತಿದ್ದರೆ ತಲೆ ಮುಚ್ಚಿಕೊಂಡು ಹೊರಗೆ ಓಡಿ. ದೂರ ಇದ್ದರೆ ಗೋಡೆ ಬಿಟ್ಟು ಗಟ್ಟಿ ಮಂಚ ಅಥವಾ ಮೇಜಿನ ಕೆಳಗೆ ಸೇರಿ, ತಲೆ ಕತ್ತು ಎರಡೂ ಕೈಯಲ್ಲಿ ಮುಚ್ಚಿಕೊಳ್ಳಿ. ಕಲಬುರಗಿಯಲ್ಲಿರುವ ನನ್ನ ತಂಗಿಯದು ಮೂರನೇ ಮಹಡಿಯ ಆರ್‌ಸಿಸಿ ಮನೆ. ಅವಳು ಓಡಬಾರದು. ಮೇಜಿನ ಕೆಳಗೆ ಕೂತು ಅದರ ಕಾಲು ಹಿಡಿದುಕೊಳ್ಳಬೇಕು, ನಡುಗುವುದು ನಿಂತ ಮೇಲೆ ಮೆಟ್ಟಿಲಲ್ಲಿ ಇಳಿಯಬೇಕು, ಲಿಫ್ಟ್ ಬೇಡ. ಅವಳ ಕಟ್ಟಡದಲ್ಲಿ ಕೆಳಗೆಲ್ಲ ಪಾರ್ಕಿಂಗ್, ಬರೀ ಕಂಬ. 2001ರ ಭೂಕಂಪದಲ್ಲಿ ಅಹಮದಾಬಾದಿನಲ್ಲಿ ಅಂಥವೇ ಬಿದ್ದವು. ಎಂಜಿನಿಯರ್‌ಗೆ ತೋರಿಸು ಅಂತ ಹೇಳಿ ಎರಡು ವರ್ಷ ಆಯಿತು.

ಹೊರಬಂದವರು ಓಣಿಯಲ್ಲಿ ನಿಲ್ಲಬೇಡಿ. ಅದೇ 2001ರ ಜನವರಿ 26ರಂದು ಗುಜರಾತಿನ ಅಂಜಾರ್‌ನಲ್ಲಿ ಮೆರವಣಿಗೆ ಹೊರಟ ಶಾಲೆ ಮಕ್ಕಳ ಮೇಲೆ ಕಿರಿದಾದ ಓಣಿಯ ಕಟ್ಟಡಗಳು ಬಿದ್ದವು. ನಮ್ಮ ಮನೆಯವರಿಗೆ ಕೂಡುವ ಜಾಗ ಊರ ಹೊರಗಿನ ಕಣ. ಅಲ್ಲಿಗೆ ಎರಡು ದಾರಿ ಗೊತ್ತು ಮಾಡಿದ್ದೇವೆ, ಯಾಕೆಂದರೆ ಒಂದರಲ್ಲಿ ಹಳೇ ವಾಡೆಯ ಎತ್ತರದ ಗೋಡೆ ಇದೆ. ಕರೆಂಟಿನ ತಂತಿ, ಟ್ರಾನ್ಸ್‌ಫಾರ್ಮರ್ ಇರುವ ಕಡೆ ಹೋಗಬೇಡಿ.

ಚೀಲ ಒಂದು ಬಾಗಿಲ ಹಿಂದೆ ಇರಲಿ. ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ಪಹಣಿಯ ಪ್ರತಿಗಳು ಪ್ಲಾಸ್ಟಿಕ್ ಕವರಿನಲ್ಲಿ. ಅವ್ವನ ಬಿಪಿ ಗುಳಿಗೆ, ಸೀಟಿ, ಒಂದಿಷ್ಟು ನಗದು. ತಿನ್ನಲು ಬಿಸ್ಕತ್ತು ಯಾಕೆ? ಕಡಕ್ ರೊಟ್ಟಿ, ಶೇಂಗಾ ಹಿಂಡಿ ವಾರಗಟ್ಟಲೆ ಇರುತ್ತವೆ. ನೀರು ತಲೆಗೆ ದಿನಕ್ಕೆ ನಾಲ್ಕು ಲೀಟರ್ ಹಿಡಿದರೆ ಐದು ಜನಕ್ಕೆ ಮೂರು ದಿನಕ್ಕೆ 20 ಲೀಟರಿನ ಮೂರು ಕ್ಯಾನ್. ಅವನ್ನು ಮನೆಯೊಳಗಲ್ಲ, ಪತ್ರಾಸ್ ಶೆಡ್ಡಿನಲ್ಲಿ ಇಡಿ.

ನಡುಗುವುದು ನಿಂತ ಮೇಲೆ ಗ್ಯಾಸ್ ವಾಸನೆ ಬಂದರೆ ಕಡ್ಡಿ ಗೀರಬೇಡಿ, ಸ್ವಿಚ್ ಮುಟ್ಟಬೇಡಿ. ಬಂಗಾರ ತರುತ್ತೇನೆ ಅಂತ ಒಳಗೆ ಹೋಗಬೇಡಿ, ಮತ್ತೆ ನಡುಗುತ್ತದೆ. ಬಿರುಕು ಬಿಟ್ಟ ಗೋಡೆಗೆ ಎರಡನೆಯದು ಸಣ್ಣದಾದರೂ ಸಾಕು. ಫೋನ್ ಹತ್ತದಿದ್ದರೆ ಮೆಸೇಜ್ ಕಳಿಸಿ. ನಾವೆಲ್ಲ ಸೊಲ್ಲಾಪುರದ ಚಿಕ್ಕಮ್ಮನಿಗೆ ತಿಳಿಸುವುದು ಅಂತ ಮಾತಾಗಿದೆ. 112, 108, ಜಿಲ್ಲಾ ಕಂಟ್ರೋಲ್ ರೂಮಿನ 1077, ಈ ಮೂರು ನಂಬರ್ ಬಾಗಿಲ ಹಿಂದೆ ಬರೆದಿದ್ದೇನೆ.

ಕತ್ತಲಲ್ಲಿ ಹೊರಬೀಳುವ ಆಟ ನಮ್ಮಲ್ಲಿ ವರ್ಷಕ್ಕೊಮ್ಮೆ ನಡೆಯುತ್ತದೆ, ಗಣಪತಿ ಕಳಿಸಿದ ರಾತ್ರಿ. ಹೋದ ಸಲ ಅವ್ವ ಕೋಲು ಊರಿಕೊಂಡು ಎಲ್ಲರಿಗಿಂತ ಮೊದಲು ಅಂಗಳದಲ್ಲಿದ್ದಳು. ಟಾರ್ಚ್ ಮರೆತು ಬಂದವನು ನಾನು.