ನೆಬುಲೈಸರ್ ಹಿಡಿದರಷ್ಟೇ ಸಾಲದು, ಕಫ ಹೊರಗೆ ಬರಬೇಕು

ಎದೆಯ ಫಿಸಿಯೋಥೆರಪಿಗೆಂದು ಮನೆಗಳಿಗೆ ಹೋದಾಗ ನಾನು ಮತ್ತೆ ಮತ್ತೆ ನೋಡುವ ತಪ್ಪು ಒಂದೇ. ನೆಬುಲೈಸರ್ (ಔಷಧಿಯನ್ನು ಮಂಜಿನಂತೆ ಮಾಡಿ ಉಸಿರಿಗೆ ಕೊಡುವ ಯಂತ್ರ) ನಿಂತ ಕೂಡಲೇ ಮಾಸ್ಕ್ ತೆಗೆದಿಟ್ಟು ಮಲಗಿಬಿಡುತ್ತಾರೆ. ಆಮೇಲೆ "ಎರಡು ತಿಂಗಳಿಂದ ಹಿಡಿಯುತ್ತಿದ್ದೇವೆ, ಏನೂ ಗುಣ ಕಾಣಲಿಲ್ಲ" ಅನ್ನುತ್ತಾರೆ. ಔಷಧಿ ಕಫವನ್ನು ಸಡಿಲ ಮಾಡುತ್ತದೆ, ಅಷ್ಟೇ. ಹೊರಗೆ ತರುವ ಕೆಲಸ ನಮ್ಮದು.

ನಾನಿಲ್ಲಿ ಹೇಳುತ್ತಿರುವುದು ಬ್ರಾಂಕಿಯೆಕ್ಟಾಸಿಸ್, ಅಂದರೆ ಉಸಿರಿನ ಕೊಳವೆಗಳು ಹಿಗ್ಗುವ ಕಾಯಿಲೆ, ಇರುವವರಿಗೆ. ಟಿಬಿ ವಾಸಿಯಾದ ಮೇಲೂ ಕೆಲವರ ಉಸಿರಿನ ಕೊಳವೆಗಳು ಹಿಗ್ಗಿಯೇ ಉಳಿದು, ಅಲ್ಲಿ ಕಫ ಕಟ್ಟಿಕೊಳ್ಳುತ್ತದೆ. ಅಂಥವರಲ್ಲಿ ಕೆಲವರಿಗೆ ವೈದ್ಯರು ಗಾಢ ಉಪ್ಪುನೀರು ಬರೆದುಕೊಡುತ್ತಾರೆ, 3 ಪರ್ಸೆಂಟ್ ಅಥವಾ 7 ಪರ್ಸೆಂಟ್. ಡ್ರಿಪ್ ಹಾಕುವ ಮಾಮೂಲಿ ಸಲೈನ್ 0.9 ಪರ್ಸೆಂಟ್. ಉಪ್ಪು ಜಾಸ್ತಿ ಇದ್ದಷ್ಟೂ ಕೊಳವೆಯೊಳಕ್ಕೆ ನೀರು ಎಳೆದುಕೊಳ್ಳುತ್ತದೆ, ಅಂಟು ಕಫ ತೆಳುವಾಗುತ್ತದೆ. ಆಸ್ಟ್ರೇಲಿಯಾದಲ್ಲಿ ಸಿಸ್ಟಿಕ್ ಫೈಬ್ರೋಸಿಸ್ (ಹುಟ್ಟಿನಿಂದಲೇ ಬರುವ, ಎದೆಯಲ್ಲಿ ಅಂಟು ಕಫ ಕಟ್ಟುವ ಕಾಯಿಲೆ) ಇದ್ದೂ ಸಮುದ್ರದ ಉಪ್ಪುನೀರಿನಲ್ಲಿ ಸರ್ಫಿಂಗ್ ಮಾಡುವವರ ಎದೆ ಹಗುರಾಗಿರುವುದನ್ನು ವೈದ್ಯರು ಗಮನಿಸಿದ್ದರು. 7 ಪರ್ಸೆಂಟ್ ಉಪ್ಪುನೀರಿನ ದೊಡ್ಡ ಪರೀಕ್ಷೆ ಅಲ್ಲಿಂದಲೇ 2006ರಲ್ಲಿ ಪ್ರಕಟವಾಯಿತು.

ಮನೆಯ ಉಪ್ಪನ್ನು ನಲ್ಲಿ ನೀರಿಗೆ ಕರಗಿಸಿ ಹಾಕಬೇಡಿ. ಆ ನೀರಿನ ಕ್ರಿಮಿಗಳು ನೇರ ಶ್ವಾಸಕೋಶಕ್ಕೆ ಹೋಗುತ್ತವೆ. ನೀಲಗಿರಿ ಎಣ್ಣೆಯ ಒಂದು ಹನಿಯೂ ಬೇಡ, ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು. ಸೀಲ್ ಮಾಡಿದ ಶುದ್ಧ ಔಷಧಿಯನ್ನೇ ಬಳಸಿ.

ಮೊದಲ ಡೋಸ್ ಆಸ್ಪತ್ರೆಯಲ್ಲೇ ಆಗಲಿ. ಉಪ್ಪುನೀರಿಗೆ ಕೆಲವರ ಕೊಳವೆಗಳು ಬಿಗಿದುಕೊಂಡು ದಮ್ಮು ಬರುತ್ತದೆ. ಅದಕ್ಕೇ ಮನೆಯಲ್ಲೂ ಹದಿನೈದು ನಿಮಿಷ ಮೊದಲು ವೈದ್ಯರು ಹೇಳಿದ ಸಾಲ್ಬುಟಮಾಲ್ (ಕೊಳವೆ ಸಡಿಲಿಸುವ ಔಷಧಿ) ತೆಗೆದುಕೊಳ್ಳಬೇಕು. ಇದನ್ನು ಬಿಡುವವರೇ "ಉಪ್ಪುನೀರು ನಮಗೆ ಆಗಿಬರಲ್ಲ" ಅನ್ನುವುದು.

ನೆಟ್ಟಗೆ ಕೂತು, ಬಾಯಲ್ಲಿ ಮೌತ್‌ಪೀಸ್ ಇಟ್ಟು, ಸಾವಕಾಶ ಉಸಿರಾಡಿ. ಮಾಸ್ಕ್ ಬೇಡ, ಅದರಲ್ಲಿ ಒಂದಷ್ಟು ಔಷಧಿ ಮೂಗು, ಮುಖಕ್ಕೇ ಹೋಗುತ್ತದೆ. ಚಿಕ್ಕ ಮಕ್ಕಳಿಗೆ, ತೀರಾ ನಿಶ್ಶಕ್ತಿಯವರಿಗೆ ಮಾತ್ರ ಮಾಸ್ಕ್.

ಈಗ ಎಲ್ಲರೂ ತಪ್ಪುವ ಜಾಗ: ಹಫ್.

ಹಫ್ ಅಂದರೆ ಕೆಮ್ಮಲ್ಲ. ಒಂದು ಚಿಕ್ಕ ಕನ್ನಡಿಯನ್ನು ಬಾಯಿಯ ಮುಂದೆ ಹಿಡಿಯಿರಿ. ಅದರ ಮೇಲೆ ಮಂಜು ಕಟ್ಟಿಸುವಂತೆ ಬಾಯಿ ಅಗಲಿಸಿ "ಹಾ..." ಎಂದು ಗಾಳಿ ಬಿಡಿ. ಹೊಟ್ಟೆ ಒಳಕ್ಕೆ ಹೋಗಬೇಕು. ಗಂಟಲಲ್ಲಿ "ಖ್" ಎಂದು ಬಿಗಿದರೆ ತಪ್ಪು, ಅದು ಗಂಟಲನ್ನೇ ಕೆರೆಯುತ್ತದೆ.

ಮೊದಲು ಭುಜ ಸಡಿಲ ಬಿಟ್ಟು ನಾಲ್ಕೈದು ಮಾಮೂಲಿ ಉಸಿರು. ಮೂರು ಸಲ ಆಳವಾಗಿ ಎಳೆದು, ಎರಡು ಮೂರು ಸೆಕೆಂಡ್ ಹಿಡಿದು ಬಿಡಿ. ಮತ್ತೆ ಮಾಮೂಲಿ ಉಸಿರು. ಆಮೇಲೆ ಅರ್ಧ ಉಸಿರು ಎಳೆದು ನಿಧಾನವಾಗಿ ಉದ್ದದ ಹಫ್. ಇದು ಆಳದ ಕಫವನ್ನು ಮೇಲಕ್ಕೆ ತಳ್ಳುತ್ತದೆ. ಎದೆಯ ಮೇಲ್ಭಾಗದಲ್ಲಿ ಗುಳುಗುಳು ಕೇಳಿಸಿದಾಗ ತುಂಬಾ ಉಸಿರು ಎಳೆದು ಚಿಕ್ಕ, ಜೋರಾದ ಹಫ್. ಒಂದೇ ಕೆಮ್ಮು, ಉಗಿಯಿರಿ. ಸುಸ್ತಾದರೆ ನಿಲ್ಲಿ. ಮೂರು ಸುತ್ತು ಸಾಕು. ಒಬ್ಬ ಅಜ್ಜಿ ಮೂರನೇ ದಿನ ಕನ್ನಡಿ ಪೂರ್ತಿ ಮಂಜಾಗಿದ್ದನ್ನು ಮಗನಿಗೆ ತೋರಿಸಿದರು. ಆಮೇಲೆ ಅವರಿಗೆ ಮತ್ತೆ ಹೇಳಿಕೊಡಬೇಕಾಗಲಿಲ್ಲ.

ಇನ್‌ಹೇಲರ್ ಸ್ಟೀರಾಯ್ಡ್ ಅಥವಾ ನೆಬುಲೈಸರ್ ಆಂಟಿಬಯಾಟಿಕ್ ಇದ್ದರೆ ಅದು ಕಫ ಹೊರಹೋದ ನಂತರ, ಕೊನೆಗೆ. ನೆಬುಲೈಸರ್ ಕಪ್‌ನಲ್ಲಿ ಔಷಧಿಗಳನ್ನು ನಿಮ್ಮಷ್ಟಕ್ಕೆ ಬೆರೆಸಬೇಡಿ. ಕಫದಲ್ಲಿ ರಕ್ತ ಕಂಡರೆ ಎಲ್ಲ ನಿಲ್ಲಿಸಿ ವೈದ್ಯರಿಗೆ ಹೇಳಿ.

ತೊಳೆಯುವುದು ಚಿಕ್ಕ ಕೆಲಸ, ಬಿಡುವಂತಿಲ್ಲ. ಪ್ರತಿ ಸಲವೂ ಕಪ್, ಮೌತ್‌ಪೀಸ್ ಬಿಚ್ಚಿ ಸೋಪು ನೀರಲ್ಲಿ ತೊಳೆಯಿರಿ. ತಯಾರಕರು ಕುದಿಸಬಹುದು ಎಂದಿದ್ದರೆ ದಿನಕ್ಕೊಮ್ಮೆ ಐದು ನಿಮಿಷ ಕುದಿಸಿ. ಟವೆಲ್‌ನಿಂದ ಒರೆಸಬೇಡಿ, ಗಾಳಿಗೇ ಒಣಗಲಿ.